ಹನಿಗೂಡಿ ಹಳ್ಳವಾಗುವ ಪದವಿ

ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದವರು, ಮದುವೆಯಾಗಿ ಓದು ನಿಲ್ಲಿಸಿದವರು, ಮನೆಯ ಹೊಣೆ ಹೊತ್ತು ಕಾಲೇಜು ಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. ‘ಮಕ್ಕಳು ಓದುವ ಕಾಲಕ್ಕೆ ನಮಗೇಕೆ ಓದು?’ ಎಂದು ಕೈಚೆಲ್ಲುವವರೇ ಇವರಲ್ಲಿ ಹೆಚ್ಚು. ಧೈರ್ಯ ಮಾಡಿ ಮುಕ್ತ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್ ಬಿಡಿಸಿದವರನ್ನೂ ಒಂದು ಪದ ಗೊಂದಲಕ್ಕೆ ನೂಕುತ್ತದೆ. ಅದೇ ‘ಕ್ರೆಡಿಟ್’. ಇದು ಅಂಕವೇ, ಶುಲ್ಕವೇ, ಸಾಲವೇ? ಮೂರೂ ಅಲ್ಲ. ಅಕ್ಕಿಗೆ ಸೇರು ಇದ್ದಂತೆ, ಬಟ್ಟೆಗೆ ಮೀಟರ್ ಇದ್ದಂತೆ, ಓದಿಗೆ ಕ್ರೆಡಿಟ್ ಒಂದು ಅಳತೆ.

ಅಳೆಯುವುದು ಏನನ್ನು?

1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ಲೆಕ್ಕ ಸರಳವಾದುದು. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ತರಗತಿಯಲ್ಲಿ ಕುಳಿತ ಹೊತ್ತು ಮಾತ್ರವಲ್ಲ, ಪಾಠದ ಪುಸ್ತಕ ಓದುವುದು, ಆಡಿಯೊ ಕೇಳುವುದು, ವಿಡಿಯೊ ನೋಡುವುದು, ಕೌನ್ಸೆಲಿಂಗ್ ತರಗತಿಗೆ ಹೋಗುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ನಾಲ್ಕು ಕ್ರೆಡಿಟ್‌ನ ವಿಷಯವೊಂದಕ್ಕೆ 120 ಗಂಟೆ ಬೇಕು. ದಿನಕ್ಕೆ ಒಂದು ಗಂಟೆ ಓದಿದರೆ ನಾಲ್ಕು ತಿಂಗಳು.

ಯುಜಿಸಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್ ಗಳಿಸಬೇಕು. ಕರ್ನಾಟಕ ಸರ್ಕಾರ 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷದ ಪದವಿಗೆ ಮರಳಿತು.

ಕ್ರೆಡಿಟ್ ಸಂಖ್ಯೆ ದೇಶದಿಂದ ದೇಶಕ್ಕೆ ಬೇರೆ. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಆನರ್ಸ್ ಪದವಿಗೆ 360 ಕ್ರೆಡಿಟ್ ಬೇಕು. ಇಲ್ಲಿಯದರ ಮೂರು ಪಟ್ಟಾಯಿತಲ್ಲ ಎಂದು ಹೌಹಾರಬೇಕಿಲ್ಲ. ಅಲ್ಲಿ ಒಂದು ಕ್ರೆಡಿಟ್‌ಗೆ 10 ಗಂಟೆ ಮಾತ್ರ. ಗುಣಿಸಿ ನೋಡಿದರೆ ಅಲ್ಲಿಯ 360ಕ್ಕೂ ಇಲ್ಲಿಯ 120ಕ್ಕೂ ಅದೇ 3,600 ಗಂಟೆ!

ದುಡಿಯುವವರ ಲೆಕ್ಕ

ಈ 3,600 ಗಂಟೆಗಳನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷದ ಎಲ್ಲ ದಿನವೂ ಮೂರೂಕಾಲು ಗಂಟೆ ಓದಬೇಕಾಗುತ್ತದೆ. ಬೆಳಿಗ್ಗೆ ಬಸ್ಸು ಹಿಡಿದು ರಾತ್ರಿ ಮನೆ ಸೇರುವವರಿಗೆ ಇದು ಸುಲಭವಲ್ಲ. ಆರು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಇಗ್ನೊದ ಬಿ.ಎ. ಪದವಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಎಂಬ ಅವಧಿ ಇರುವುದು ಇದಕ್ಕಾಗಿಯೇ. ನಿಧಾನವಾಗಿ ಓದುವುದು ಅವಮಾನವಲ್ಲ, ನಿಯಮವೇ ಕೊಟ್ಟ ಸೌಲಭ್ಯ.

ಇನ್ನೊಂದು ಅನುಕೂಲವೂ ಉಂಟು. ಹತ್ತು ವಿಷಯಗಳಲ್ಲಿ ಒಂದರಲ್ಲಿ ನಪಾಸಾದರೆ ಉಳಿದ ಒಂಬತ್ತರ ಕ್ರೆಡಿಟ್ ಎಲ್ಲಿಗೂ ಹೋಗದು. ಜೂನ್‌ನಲ್ಲಿ ತಪ್ಪಿದ್ದನ್ನು ಡಿಸೆಂಬರ್‌ನಲ್ಲಿ ಬರೆಯಬಹುದು. ಆದರೆ ಅರ್ಧ ಓದಿದ ವಿಷಯಕ್ಕೆ ಅರ್ಧ ಕ್ರೆಡಿಟ್ ಸಿಗುವುದಿಲ್ಲ. ಎಂಬತ್ತು ಗಂಟೆ ಓದಿ ಪರೀಕ್ಷೆಗೆ ಕೂರದಿದ್ದರೆ ಖಾತೆಯಲ್ಲಿ ಬೀಳುವುದು ಸೊನ್ನೆಯೇ. ಹಾಗಾಗಿ ಕೆಲಸದ ಒತ್ತಡ ಇರುವವರು ಏಕಕಾಲಕ್ಕೆ ಐದು ವಿಷಯ ಹಿಡಿದು ಎಲ್ಲವನ್ನೂ ಬಿಡುವುದಕ್ಕಿಂತ ಎರಡನ್ನು ಹಿಡಿದು ಮುಗಿಸುವುದು ಜಾಣತನ.

ಅಂಕಕ್ಕೂ ಕ್ರೆಡಿಟ್‌ಗೂ ನಂಟು

ಕ್ರೆಡಿಟ್ ಓದಿನ ಗಾತ್ರ ಹೇಳಿದರೆ ಗ್ರೇಡ್ ಓದಿನ ಗುಣ ಹೇಳುತ್ತದೆ. ಅಂತಿಮ ಫಲಿತಾಂಶದಲ್ಲಿ ಎರಡನ್ನೂ ಗುಣಿಸಲಾಗುತ್ತದೆ. ಆರು ಕ್ರೆಡಿಟ್‌ನ ವಿಷಯದಲ್ಲಿ 8 ಗ್ರೇಡ್ ಪಾಯಿಂಟ್, ಎರಡು ಕ್ರೆಡಿಟ್‌ನ ವಿಷಯದಲ್ಲಿ 4 ಬಂದರೆ ಸರಾಸರಿ 6 ಅಲ್ಲ. 48ಕ್ಕೆ 8 ಕೂಡಿಸಿ, ಒಟ್ಟು 8 ಕ್ರೆಡಿಟ್‌ನಿಂದ ಭಾಗಿಸಿದರೆ 7. ಹೆಚ್ಚು ಕ್ರೆಡಿಟ್‌ನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಕ್ರೆಡಿಟ್‌ಗೂ ಒಂದು ಬ್ಯಾಂಕ್

2021ರ ಜುಲೈನಲ್ಲಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಆರಂಭವಾಯಿತು. ಡಿಜಿಲಾಕರ್ ಮೂಲಕ ವಿದ್ಯಾರ್ಥಿಯೇ ಇದರಲ್ಲಿ ಖಾತೆ ತೆರೆಯಬಹುದು. ಗಳಿಸಿದ ಕ್ರೆಡಿಟ್ಟನ್ನು ಜಮೆ ಮಾಡುವುದು ಮಾತ್ರ ವಿದ್ಯಾಸಂಸ್ಥೆಯ ಕೆಲಸ. ವರ್ಗವಾಗಿ ಊರು ಬಿಟ್ಟವರು, ಬಾಣಂತನಕ್ಕೆಂದು ಓದು ನಿಲ್ಲಿಸಿದವರು ಮುಂದೆ ಮತ್ತೊಂದು ಸಂಸ್ಥೆಯಲ್ಲಿ ಓದು ಮುಂದುವರಿಸಲು ಇದು ದಾರಿ.

ಆದರೆ ಷರತ್ತುಗಳಿವೆ. ಜಮೆಯಾದ ಕ್ರೆಡಿಟ್ ಗರಿಷ್ಠ ಏಳು ವರ್ಷ ಮಾತ್ರ ಚಲಾವಣೆಯಲ್ಲಿರುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಒಂದು ಪದವಿಗೆ ಬಳಸಿದ ಕ್ರೆಡಿಟ್ ಖರ್ಚಾದ ಹಣದಂತೆ, ಇನ್ನೊಂದಕ್ಕೆ ಬಾರದು. ಹಳೆಯ ವಿಷಯ ಹೊಸ ಸಂಸ್ಥೆಯ ಪಠ್ಯಕ್ರಮಕ್ಕೆ ಹೊಂದಬೇಕಾದುದೂ ಮುಖ್ಯ. ‘ಆಮೇಲೆ ನೋಡೋಣ’ ಎಂದು ವರ್ಷ ಕಳೆಯುವವರು ಕಳೆದುಕೊಳ್ಳುವುದು ಕಾಗದದ ಮೇಲಿನ ಅಂಕಿಯನ್ನಲ್ಲ, ನಿದ್ದೆಗೆಟ್ಟು ಓದಿದ ನೂರಾರು ಗಂಟೆಗಳನ್ನು.

ಸೇರುವ ಮುನ್ನ

ಶುಲ್ಕ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಮಾನ್ಯತೆ ಈ ವರ್ಷಕ್ಕೆ ಇದೆಯೇ? ಒಟ್ಟು ಕ್ರೆಡಿಟ್ ಎಷ್ಟು? ಗರಿಷ್ಠ ಅವಧಿ ಎಷ್ಟು ವರ್ಷ? ಹಿಂದೆ ಬೇರೆಡೆ ಓದಿದ್ದಕ್ಕೆ ಮನ್ನಣೆ ಉಂಟೇ? ಉತ್ತರವನ್ನು ಬಾಯಿಮಾತಿನಲ್ಲಿ ನಂಬದೆ ಬರಹದಲ್ಲಿ ಪಡೆಯಿರಿ. ಇಗ್ನೊಗೆ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ.

ಮಗಳ ಕಾಲೇಜಿನ ಅರ್ಜಿ ತುಂಬುವ ತಾಯಿ ತನ್ನದೊಂದು ಅರ್ಜಿಯನ್ನೂ ತುಂಬಬಹುದು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಓದಿಗೂ ಸಲ್ಲುತ್ತದೆ. ಆದರೆ ಹನಿ ಆರಿಹೋಗುವ ಮುನ್ನ ಮತ್ತೊಂದು ಹನಿ ಬೀಳುತ್ತಿರಬೇಕು, ಅಷ್ಟೆ.