ಮಿಶ್ರಣದಲ್ಲಿ ಹೊಸತು ಎಲ್ಲಿದೆ?

ಚಿಪ್ ಮೇಲೆ ಲೋಹದ ಮುಚ್ಚಳವನ್ನು ಎಷ್ಟೇ ನಯಮಾಡಿ, ಎಷ್ಟೇ ಬಿಗಿಯಾಗಿ ಒತ್ತಿ ಕೂರಿಸಿದರೂ ಅವೆರಡೂ ಪೂರ್ತಿ ತಾಗುವುದಿಲ್ಲ. ಕನ್ನಡಿಯಂತೆ ಹೊಳೆಯುವ ಮೈಯಲ್ಲೂ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಉಬ್ಬಿಗೆ ಉಬ್ಬು ತಾಗಿ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಶಾಖದ ಮಟ್ಟಿಗೆ ಗಾಳಿಯೆಂದರೆ ಕಂಬಳಿ. ಉಷ್ಣವಾಹಕತೆಯನ್ನು ಒಂದು ಮೀಟರಿಗೆ, ಒಂದು ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ. ಆ ಲೆಕ್ಕದಲ್ಲಿ ತಾಮ್ರದ್ದು ಸುಮಾರು 400, ಚಿಪ್ ಮಾಡುವ ಸಿಲಿಕಾನ್‌ನದು ಸುಮಾರು 150, ಗಾಳಿಯದು ಬರೀ 0.026. ಬದಿಗೆ 20 ಮಿಲಿಮೀಟರ್ ಇರುವ ಒಂದು ಚೌಕ ಚಿಪ್ 200 ವ್ಯಾಟ್ ಶಾಖ ಹೊರಹಾಕುತ್ತಿದೆ, ಅದಕ್ಕೂ ಮುಚ್ಚಳಕ್ಕೂ ನಡುವೆ 50 ಮೈಕ್ರಾನ್ ಸಂದು ಇದೆ ಎಂದಿಟ್ಟುಕೊಳ್ಳಿ. ತೆಳ್ಳನೆಯ ಕೂದಲೆಳೆಯಷ್ಟು ಸಂದು ಅದು. ಅದರ ತುಂಬ ಗಾಳಿಯೇ ಇದ್ದರೆ, ಆ ಶಾಖ ದಾಟಿಹೋಗಲು ಎರಡು ಬದಿಗಳ ನಡುವೆ 900 ಡಿಗ್ರಿಗೂ ಮೀರಿದ ವ್ಯತ್ಯಾಸ ಬೇಕು; ಅಷ್ಟರೊಳಗೆ ಚಿಪ್ ಸುಟ್ಟುಹೋಗಿರುತ್ತದೆ. ಅದೇ ಸಂದಿಗೆ ವಾಹಕತೆ 4 ಇರುವ ಗ್ರೀಸು ತುಂಬಿದರೆ ವ್ಯತ್ಯಾಸ 6 ಡಿಗ್ರಿ ಚಿಲ್ಲರೆಗೆ ಇಳಿಯುತ್ತದೆ. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಪ್ರೊಸೆಸರ್ ಮೇಲೆ ಕಡಲೆಕಾಳಿನಷ್ಟು ಹಚ್ಚುವ ಬೂದು ಬಣ್ಣದ ಪೇಸ್ಟು ಇದೇ ಜಾತಿಯದು.

ಈ ಪೇಸ್ಟಿಗೆ ಅಂಟುದ್ರವವಾಗಿ ಬಳಸುವುದು ಸಿಲಿಕೋನ್. ಸಿಲಿಕಾನ್ ಮೂಲಧಾತು, ಸಿಲಿಕೋನ್ ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ ಒಂದು ಬಿಟ್ಟು ಒಂದರಂತೆ ಕೊಂಡಿಯಾಗಿ, ಪಕ್ಕದಲ್ಲಿ ಇಂಗಾಲದ ಗುಂಪುಗಳು ಜೋತುಬಿದ್ದಿರುವ ಉದ್ದನೆಯ ಸರಪಳಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನಾಟಿಂಗ್‌ಹ್ಯಾಮ್‌ನ ಫ್ರೆಡರಿಕ್ ಕಿಪ್ಪಿಂಗ್ ಇಂಥ ಸಂಯುಕ್ತಗಳ ಬೆನ್ನುಹತ್ತಿದರು. 1940ರಲ್ಲಿ ಅಮೆರಿಕದ ಯೂಜೀನ್ ರೋಚೊ ಇವನ್ನು ಕಾರ್ಖಾನೆಯ ಮಟ್ಟದಲ್ಲಿ ತಯಾರಿಸುವ ದಾರಿ ತೋರಿಸಿದರು. ಸಿಲಿಕೋನ್ ಬಿಸಿಗೆ ಕೆಡುವುದಿಲ್ಲ, ಚಳಿಗೆ ಗಡುಸಾಗುವುದಿಲ್ಲ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಶಾಖವನ್ನೂ ಸರಿಯಾಗಿ ಸಾಗಿಸುವುದಿಲ್ಲ: ಅದರ ವಾಹಕತೆ 0.2ರ ಆಸುಪಾಸು. ಆದ್ದರಿಂದ ಅದರೊಳಗೆ ಅಲ್ಯೂಮಿನಾ, ಅಲ್ಯೂಮಿನಿಯಂ ನೈಟ್ರೈಡ್, ಬೋರಾನ್ ನೈಟ್ರೈಡ್ ಅಥವಾ ಲೋಹದ ಪುಡಿಯನ್ನು ಹಿಡಿಸುವಷ್ಟು ತುಂಬುತ್ತಾರೆ. ಹೀಗೆ ತುಂಬಿದ ಮಿಶ್ರಣಕ್ಕೆ ಪೇಟೆಂಟ್ ಕೇಳಿ ಬರುವ ಅರ್ಜಿಗಳು ಬಹಳ. ಜಪಾನಿನ ಶಿನ್-ಎತ್ಸು ಕೆಮಿಕಲ್‌ನಂಥ ಕಂಪನಿಗಳು ದಶಕಗಳಿಂದ ಈ ಕ್ಷೇತ್ರದಲ್ಲಿ ಅರ್ಜಿ ಹಾಕುತ್ತ ಬಂದಿವೆ. ಎಣ್ಣೆಗೆ ಪುಡಿ ಕಲಸಿದ್ದರಲ್ಲಿ ಆವಿಷ್ಕಾರ ಎಲ್ಲಿಂದ ಬಂತು ಎಂದು ಯಾರಿಗಾದರೂ ಅನಿಸೀತು. ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ಮಟ್ಟಿಗೆ ಉತ್ತರ ಇದು: ಹೊಸತು ಪದಾರ್ಥಗಳ ಪಟ್ಟಿಯಲ್ಲಿಲ್ಲ, ಸಂಖ್ಯೆಗಳ ಮಿತಿಯಲ್ಲೂ ಇಲ್ಲ, ಒಂದಕ್ಕೊಂದು ವಿರುದ್ಧವಾಗಿ ಎಳೆಯುವ ಎರಡು ಗುಣಗಳನ್ನು ಒಟ್ಟಿಗೆ ಸಾಧಿಸಿದ್ದನ್ನು ತೋರಿಸುವ ಪ್ರಯೋಗದ ಕೋಷ್ಟಕದಲ್ಲಿದೆ. ಆ ಕೋಷ್ಟಕ ಎಷ್ಟು ದೂರ ಹೋಗುತ್ತದೋ ಪೇಟೆಂಟ್ ಕೂಡ ಅಷ್ಟೇ ದೂರ ಹೋಗಬೇಕು.

ಅರ್ಜಿಯೊಂದನ್ನು ಹತ್ತಿರದಿಂದ ನೋಡೋಣ. ಪೇಟೆಂಟಿನಲ್ಲಿ ಹಕ್ಕಿನ ಎಲ್ಲೆ ಗುರುತಿಸುವ ಭಾಗಕ್ಕೆ ಕ್ಲೇಮು ಎನ್ನುತ್ತಾರೆ. ಈ ವಸ್ತುಗಳ ಕ್ಲೇಮುಗಳಿಗೆ ಒಂದು ವಾಡಿಕೆಯ ಅಚ್ಚಿದೆ. ಉದಾಹರಣೆಗೆಂದು ಆ ಅಚ್ಚಿನಲ್ಲೇ ಒಂದನ್ನು ಕಟ್ಟಿಕೊಳ್ಳಬಹುದು: ಅಣುವೊಂದರಲ್ಲಿ ಕನಿಷ್ಠ ಎರಡು ವಿನೈಲ್ ಗುಂಪುಗಳಿರುವ ಸಿಲಿಕೋನ್ 100 ಭಾಗ, ಸಿಲಿಕಾನ್‌ಗೆ ಹೈಡ್ರೋಜನ್ ಅಂಟಿರುವ ಇನ್ನೊಂದು ಸಿಲಿಕೋನ್ ತಕ್ಕಷ್ಟು, ಅವೆರಡನ್ನೂ ಹೆಣೆಯುವ ಪ್ಲಾಟಿನಂ ವೇಗವರ್ಧಕ, ಅಲ್ಯೂಮಿನಾ ಪುಡಿ 400ರಿಂದ 1600 ಭಾಗ, ಎಲ್ಲವೂ ತೂಕದಲ್ಲಿ. ಓದಲು ಒಂದೇ ಸಾಲು. ಆದರೆ ತೂಕವನ್ನು ಗಾತ್ರಕ್ಕೆ ತಿರುಗಿಸಿ ನೋಡಿದಾಗ ಆ ಸಾಲಿನ ನಿಜವಾದ ಅಗಲ ತಿಳಿಯುತ್ತದೆ. ಅಲ್ಯೂಮಿನಾ ಸಿಲಿಕೋನ್‌ಗಿಂತ ಸುಮಾರು ನಾಲ್ಕು ಪಟ್ಟು ಭಾರ. ಹಾಗಾಗಿ 400 ಭಾಗವೆಂದರೆ ಗಾತ್ರದಲ್ಲಿ ಅರ್ಧದಷ್ಟು ಪುಡಿ, 1600 ಭಾಗವೆಂದರೆ ನೂರಕ್ಕೆ 80ರಷ್ಟು. ಮೊದಲನೆಯದು ದೋಸೆ ಹಿಟ್ಟಿನಂತೆ ಹರಿದೀತು. ಎರಡನೆಯದು ನೀರು ಸಾಲದ ರೊಟ್ಟಿ ಹಿಟ್ಟಿನಂತೆ ಕೈಗೆ ಒಡೆದು ಬಂದೀತು. ಒಂದೇ ಹೆಸರಿನಡಿ ಬೇರೆ ಬೇರೆ ವಸ್ತುಗಳೇ ಇವೆ. ಅರ್ಜಿದಾರರು ಪ್ರಯೋಗ ಮಾಡಿದ್ದು 900 ಮತ್ತು 1000 ಭಾಗಗಳಲ್ಲಿ ಮಾತ್ರ ಎಂದಾದರೆ, ಗಾತ್ರದಲ್ಲಿ ಅದು ನೂರಕ್ಕೆ 69ರಿಂದ 71. ಉಳಿದ ಬಯಲನ್ನು ಅವರು ಮೆಟ್ಟಿ ನೋಡಿಲ್ಲ, ಬೇಲಿ ಮಾತ್ರ ಹಾಕಿದ್ದಾರೆ.

ಅಷ್ಟೊಂದು ಪುಡಿ ಹಿಡಿಸುವುದಾದರೂ ಹೇಗೆ? ಒಂದೇ ಅಳತೆಯ ಗುಂಡುಗಳನ್ನು ಡಬ್ಬಿಗೆ ಸುರಿದು ಎಷ್ಟು ಕುಲುಕಿದರೂ ಸುಮಾರು 64 ಪ್ರತಿಶತ ಜಾಗ ಮಾತ್ರ ತುಂಬುತ್ತದೆ. ಆದರೆ ದೊಡ್ಡ ಗುಂಡುಗಳ ಸಂದುಗಳಲ್ಲಿ ತೀರಾ ಚಿಕ್ಕ ಗುಂಡುಗಳನ್ನು ಇಳಿಸಿದರೆ, ಉಳಿದ 36 ಪಾಲಿನಲ್ಲೂ 64 ಪ್ರತಿಶತ ತುಂಬಿ ಒಟ್ಟು 87ರವರೆಗೆ ಹೋಗಬಹುದು. ಮನೆ ಕಟ್ಟುವ ಮೇಸ್ತ್ರಿ ಜಲ್ಲಿಯ ಜೊತೆ ಮರಳು ಸೇರಿಸುವುದೂ ಇದೇ ಕಾರಣಕ್ಕೆ. ಹಾಗಾದರೆ ದಪ್ಪ ಅಲ್ಯೂಮಿನಾ ಜೊತೆ ಸಣ್ಣ ಅಲ್ಯೂಮಿನಾ ಬೆರೆಸಿದ್ದೇವೆ, ವಾಹಕತೆ ಹೆಚ್ಚಿತು ಎಂದಷ್ಟೇ ಹೇಳುವ ಅರ್ಜಿಯನ್ನು ಪರೀಕ್ಷಕರು ತಳ್ಳಿಹಾಕುವುದು ಸರಿ. ಆ ಕೆಲಸದಲ್ಲಿ ಪಳಗಿದ ಯಾರಿಗಾದರೂ ಹೊಳೆಯುವ ದಾರಿ ಅದು. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1955ರ ಆಲರ್ ಪ್ರಕರಣದಲ್ಲಿ ಇದೇ ಜಾಡಿನ ತತ್ತ್ವವನ್ನು ಹೇಳಿತು: ವಿಧಾನದ ಸಾಮಾನ್ಯ ರೂಪ ಗೊತ್ತಿರುವಾಗ ಅದರೊಳಗೆ ಯಾವ ಉಷ್ಣತೆ, ಯಾವ ಸಾಂದ್ರತೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ವಾಡಿಕೆಯ ಪ್ರಯೋಗದಿಂದ ಹುಡುಕುವುದು ಆವಿಷ್ಕಾರವಾಗದು.

ಆದರೆ ಇಲ್ಲಿಗೆ ನಿಂತು, ಮಿಶ್ರಣಗಳಿಗೆಲ್ಲ ಪೇಟೆಂಟೇ ಬೇಡ ಎನ್ನುವುದು ಅವಸರದ ಮಾತು. ಅದಕ್ಕೆ ಕಾರಣ ಭೌತಶಾಸ್ತ್ರದಲ್ಲೇ ಇದೆ. ದ್ರವದಲ್ಲಿ ಗುಂಡುಗಳು ಚದುರಿದ್ದರೆ ಒಟ್ಟು ವಾಹಕತೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1873ರಲ್ಲೇ ಕೊಟ್ಟಿದ್ದರು. ವಿದ್ಯುತ್ತಿಗೆಂದು ಬರೆದ ಅದು ಶಾಖಕ್ಕೂ ಹೊಂದುತ್ತದೆ. ಆ ಸೂತ್ರದ ಪ್ರಕಾರ ಗಾತ್ರದಲ್ಲಿ 60 ಪ್ರತಿಶತ ಪುಡಿ ತುಂಬಿದರೆ, ಪುಡಿ ವಜ್ರದ್ದೇ ಆಗಿರಲಿ, ವಾಹಕತೆ ಮೂಲ ದ್ರವದ ಐದೂವರೆ ಪಟ್ಟಿಗಿಂತ ಮೇಲೇರದು, 0.2 ಇದ್ದದ್ದು ಹೆಚ್ಚೆಂದರೆ 1.1 ಆಗುತ್ತದೆ. 80 ಪ್ರತಿಶತಕ್ಕೂ ಲೆಕ್ಕ 2.6ರಲ್ಲೇ ನಿಲ್ಲುತ್ತದೆ. ಒಳ್ಳೆಯ ಪೇಸ್ಟುಗಳು ಇದನ್ನು ದಾಟುತ್ತವೆ, ಏಕೆಂದರೆ ಒತ್ತಾಗಿ ತುಂಬಿದ ಕಣಗಳು ಚದುರಿ ನಿಲ್ಲದೆ ಒಂದಕ್ಕೊಂದು ತಾಗಿ ಶಾಖಕ್ಕೆ ಹಾದಿ ಕಟ್ಟುತ್ತವೆ. ಆ ಹಾದಿ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಕಣದ ಆಕಾರ, ಮೇಲ್ಮೈಯ ರಸಾಯನ, ಕಲಸುವ ಕ್ರಮ, ಒತ್ತುವ ಬಲ ಎಲ್ಲದರ ಮೇಲೂ ನಿಂತಿದೆ. ಕಾಗದದ ಮೇಲಿನ ಲೆಕ್ಕ ಸೋಲುವ, ಕೈಯಾರೆ ಮಾಡಿ ನೋಡದೆ ಏನೂ ತಿಳಿಯದ ಜಾಗ ಇದು. ಫಲ ಮೊದಲೇ ಊಹಿಸಲಾಗದ ಕಡೆ ಆವಿಷ್ಕಾರಕ್ಕೆ ಎಡೆಯಿದೆ.

ಮೇಲಾಗಿ, ವಾಹಕತೆಯೊಂದೇ ಗುರಿಯಲ್ಲ. ವಾಹಕತೆ 4 ಇರುವ ಪೇಸ್ಟು 50 ಮೈಕ್ರಾನ್ ದಪ್ಪಕ್ಕೆ ಹರಡಿದರೂ, 8 ಇರುವ ಪೇಸ್ಟು ಗಟ್ಟಿಯಾಗಿ 100 ಮೈಕ್ರಾನ್‌ಗಿಂತ ತೆಳುವಾಗದೆ ಹೋದರೂ ಚಿಪ್ ಪಾಲಿಗೆ ಎರಡೂ ಒಂದೇ. ಶಾಖಕ್ಕೆ ಸಿಗುವ ತಡೆ ಎಳ್ಳಷ್ಟೂ ಬದಲಾಗುವುದಿಲ್ಲ. ಪುಡಿ ಹೆಚ್ಚಿಸಿದರೆ ಹರಿವು ಹೋಗುತ್ತದೆ, ಹರಿವು ಉಳಿಸಿದರೆ ವಾಹಕತೆ ಹೋಗುತ್ತದೆ. ಇದರ ಮೇಲೆ ಇನ್ನೊಂದು ಎಳೆದಾಟ. ಬಿಸಿಯಾದಾಗ ತಾಮ್ರ ಡಿಗ್ರಿಗೆ ಹತ್ತು ಲಕ್ಷದಲ್ಲಿ 17 ಪಾಲು ಹಿಗ್ಗಿದರೆ ಸಿಲಿಕಾನ್ ಮೂರು ಪಾಲೂ ಹಿಗ್ಗುವುದಿಲ್ಲ. ಹೀಗಾಗಿ ಯಂತ್ರ ಕಾದು ತಣಿದಾಗಲೆಲ್ಲ ಚಿಪ್ ಮತ್ತು ಮುಚ್ಚಳ ಸ್ವಲ್ಪಸ್ವಲ್ಪವೇ ಬಾಗಿ, ನಡುವಿನ ಪೇಸ್ಟನ್ನು ಹಿಂಡುತ್ತವೆ, ಮತ್ತೆ ಒಳಕ್ಕೆಳೆಯುತ್ತವೆ. ಸಾವಿರ ಸಲ ಹೀಗಾದರೆ ಎಣ್ಣೆ ಅಂಚಿಗೆ ಜಾರಿ ನಡುವೆ ಒಣ ಪುಡಿ ಉಳಿಯುತ್ತದೆ. ಇದನ್ನು ತಡೆಯಲೆಂದು ಸಿಲಿಕೋನ್ ಸರಪಳಿಗಳನ್ನು ಪ್ಲಾಟಿನಂ ಸಹಾಯದಿಂದ ಹೆಣೆದು ಜೆಲ್ ಮಾಡುತ್ತಾರೆ. ಹೆಣಿಗೆ ಸಡಿಲವಾದರೆ ಜೆಲ್ ಹರಿದುಹೋಗುತ್ತದೆ, ಬಿಗಿಯಾದರೆ ಬಿರುಕು ಬಿಟ್ಟು ಮುಚ್ಚಳದಿಂದ ಕಳಚಿಕೊಳ್ಳುತ್ತದೆ. ಈ ಮೂರ್ನಾಲ್ಕು ಎಳೆತಗಳ ನಡುವೆ, ಕಣಗಳಿಗೆ ಒಂದು ಸಿಲೇನ್ ಲೇಪ ಕೊಟ್ಟೋ ಕೊಂಡಿಗಳ ಅನುಪಾತ ಬದಲಿಸಿಯೋ, ವಾಹಕತೆ, ಹರಿವು ಮತ್ತು ಬಾಳಿಕೆ ಮೂರೂ ಉಳಿಯುವ ಬಿಂದುವನ್ನು ಕಂಡವರು ನಿಜಕ್ಕೂ ಏನನ್ನೋ ಕಂಡಿದ್ದಾರೆ. ಅವರಿಗೆ ಪೇಟೆಂಟ್ ಸಲ್ಲಲೇಬೇಕು.

ಕಷ್ಟ ಇರುವುದು, ಕಂಡದ್ದಕ್ಕೂ ಕೇಳುವುದಕ್ಕೂ ನಡುವಿನ ಅಂತರದಲ್ಲಿ. ಈ ವಿಷಯದಲ್ಲಿ ಜಪಾನ್ 2005ರಲ್ಲೇ ಒಂದು ಗಟ್ಟಿ ನಿಲುವು ತೆಗೆದುಕೊಂಡಿತು. ಆ ವರ್ಷ ನವೆಂಬರ್ 11ರಂದು ಅಲ್ಲಿನ ಬೌದ್ಧಿಕ ಸ್ವತ್ತಿನ ಉಚ್ಚ ನ್ಯಾಯಾಲಯದ ವಿಸ್ತೃತ ಪೀಠದ ಮುಂದೆ ಇದ್ದದ್ದು ಗ್ರೀಸಲ್ಲ, ಎಲ್‌ಸಿಡಿ ಪರದೆಗಳಲ್ಲಿ ಬಳಸುವಂಥ ಧ್ರುವೀಕಾರಕ ಫಿಲ್ಮು. ಅರ್ಜಿದಾರರು ಮೂಲ ಫಿಲ್ಮಿನ ಎರಡು ಗುಣಗಳನ್ನು ಗಣಿತದ ಒಂದು ಅಸಮತೆಯಲ್ಲಿ ಕಟ್ಟಿ, ಅದರೊಳಗೆ ಬೀಳುವುದೆಲ್ಲ ತಮ್ಮದೆಂದಿದ್ದರು. ಆಧಾರಕ್ಕಿದ್ದದ್ದು ಎರಡು ಪ್ರಯೋಗ, ಎರಡು ಹೋಲಿಕೆ: ಒಟ್ಟು ನಾಲ್ಕು ಬಿಂದು. ನಾಲ್ಕು ಬಿಂದುಗಳ ನಡುವೆ ಗೆರೆಯನ್ನು ಹೇಗೆ ಬೇಕಾದರೂ ಎಳೆಯಬಹುದು. ಇದೇ ಗೆರೆ ಏಕೆ ಎಂಬುದಕ್ಕೆ ವಿವರಣೆಯಲ್ಲಿ ಆಧಾರ ಸಾಲದೆಂದು ಪೀಠ ಆ ಪೇಟೆಂಟನ್ನು ಉಳಿಸಲಿಲ್ಲ. ಅರ್ಜಿ ಹಾಕಿದ ಮೇಲೆ ಮಾಡಿದ ಪ್ರಯೋಗಗಳನ್ನು ತಂದು ಆ ಕೊರತೆ ತುಂಬಲೂ ಬಿಡಲಿಲ್ಲ. ಇದು ಕಠಿಣವಾದ ತೀರ್ಪೇ. ಆದರೂ ನನಗೆ ಸರಿಯೆನಿಸುತ್ತದೆ. ಪೇಟೆಂಟ್ ಎಂದರೆ ಸಮಾಜದೊಡನೆ ಒಂದು ಕೊಡುಕೊಳ್ಳುವಿಕೆ: ಕಲಿಸಿದ್ದಕ್ಕೆ ಪ್ರತಿಯಾಗಿ 20 ವರ್ಷದ ಏಕಸ್ವಾಮ್ಯ. ಕಲಿಸದೆ ಬಿಟ್ಟದ್ದಕ್ಕೆ ಪ್ರತಿಫಲ ಎಲ್ಲಿಯದು?

ಇದಕ್ಕೆ ಬರುವ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಮೊದಲು ಅರ್ಜಿ ಹಾಕಿದವರಿಗೇ ಹಕ್ಕು ಎಂಬ ವ್ಯವಸ್ಥೆಯಲ್ಲಿ ಎಲ್ಲ ಅಂಚುಗಳನ್ನೂ ಪರೀಕ್ಷಿಸುತ್ತ ಕುಳಿತರೆ ಬೇರೆಯವರು ಮುಂದೆ ಹೋಗುತ್ತಾರೆ. ತೀರಾ ಇಕ್ಕಟ್ಟಾದ ಕ್ಲೇಮು ಕೊಟ್ಟರೆ ಪೈಪೋಟಿಗಾರರು ಪುಡಿಯನ್ನು ಹತ್ತು ಭಾಗ ಆಚೀಚೆ ಮಾಡಿ ತಪ್ಪಿಸಿಕೊಳ್ಳುತ್ತಾರೆ. ಸಣ್ಣ ಕಂಪನಿಗಳಿಗೆ ಇದರ ಪೆಟ್ಟು ಹೆಚ್ಚು. ಮೂರರಲ್ಲೂ ಹುರುಳಿದೆ. ಆದರೆ ಮೊದಲ ಅರ್ಜಿಯ ನಂತರ ಹನ್ನೆರಡು ತಿಂಗಳ ಕಾಲಾವಕಾಶ ಇರುತ್ತದೆ. ಭಾರತದಲ್ಲಿ ತಾತ್ಕಾಲಿಕ ವಿವರಣೆ ಸಲ್ಲಿಸಿ, ಅಷ್ಟರೊಳಗೆ ಪ್ರಯೋಗಗಳನ್ನು ಸೇರಿಸಿ ಪೂರ್ಣ ವಿವರಣೆ ಕೊಡಬಹುದು. ಎಲ್ಲ ಬಿಂದುಗಳನ್ನೂ ಪರೀಕ್ಷಿಸಿ ಎಂದು ಯಾರೂ ಕೇಳುತ್ತಿಲ್ಲ. ಮಿತಿಯ ಎರಡು ತುದಿಗಳಲ್ಲಿ ಒಂದೊಂದು, ಹೊರಗೆ ಒಂದೊಂದು, ನಡುವೆ ಒಂದೆರಡು, ಜೊತೆಗೆ ಹೀಗೇಕಾಗುತ್ತದೆ ಎಂಬುದಕ್ಕೆ ಒಪ್ಪುವಂಥ ಕಾರಣ. ಕಾರಣ ಸ್ಪಷ್ಟವಾಗಿದ್ದಷ್ಟೂ ಕಡಿಮೆ ಬಿಂದುಗಳಿಂದ ಅಗಲವಾದ ಕ್ಲೇಮಿಗೆ ಆಧಾರ ಸಿಗುತ್ತದೆ. ಐದಾರು ಬಟ್ಟಲು ಪೇಸ್ಟು ಕಲಸುವ ಖರ್ಚು ಸಣ್ಣ ಕಂಪನಿಯನ್ನೂ ಮುರಿಯದು. ಯಾರೂ ಮೆಟ್ಟದ ಬಯಲಿಗೆ ದೊಡ್ಡ ಕಂಪನಿ ಹಾಕಿದ ಬೇಲಿ ಮಾತ್ರ ಆ ಸಣ್ಣ ಕಂಪನಿಯನ್ನು ಖಂಡಿತ ತಡೆದು ನಿಲ್ಲಿಸುತ್ತದೆ.

ಇನ್ನೊಂದು ತೊಡಕು ಅಳತೆಯದು. ವಾಹಕತೆ 4ಕ್ಕಿಂತ ಹೆಚ್ಚು ಎಂದು ಕ್ಲೇಮಿನಲ್ಲಿ ಬರೆದರೆ ಸಾಲದು, ಹೇಗೆ ಅಳೆದದ್ದು ಎಂಬುದೂ ಬೇಕು. ಎರಡು ಲೋಹದ ಕಂಬಗಳ ನಡುವೆ ಪೇಸ್ಟನ್ನು ಒತ್ತಿ ಶಾಖ ಹರಿಸುವ ಎಎಸ್‌ಟಿಎಂ ಡಿ5470 ವಿಧಾನ, ಒಂದು ಬದಿಗೆ ಲೇಸರ್ ಮಿಂಚು ಹೊಡೆದು ಇನ್ನೊಂದು ಬದಿ ಬಿಸಿಯಾಗುವುದನ್ನು ನೋಡುವ ವಿಧಾನ, ಬಿಸಿ ತಟ್ಟೆಯ ವಿಧಾನ ಇವು ಒಂದೇ ಪೇಸ್ಟಿಗೆ ಬೇರೆ ಬೇರೆ ಸಂಖ್ಯೆ ಕೊಡಬಲ್ಲವು. ಕೆಲವು ಅರ್ಜಿಗಳು ಹಿಂದೆ ಯಾರೂ ಅಳೆಯದ ಗುಣವೊಂದನ್ನು ಅಳೆದು, ಅದನ್ನೇ ಹೊಸತೆಂದು ಮುಂದಿಡುತ್ತವೆ. ಹಳೆಯ ಪೇಸ್ಟಿಗೂ ಆ ಗುಣ ಇದ್ದಿರಬಹುದು, ಯಾರೂ ಬರೆದಿಡಲಿಲ್ಲ ಅಷ್ಟೇ. ಪೇಟೆಂಟ್ ಕಚೇರಿಯಲ್ಲಿ ಕಲಸುವ ಯಂತ್ರವಿಲ್ಲ, ಶಾಖಮಾಪಕವಿಲ್ಲ. ಅಮೆರಿಕದ ನ್ಯಾಯಾಲಯ 1977ರಲ್ಲಿ ಜಿಯೊಲೈಟ್ ಕುರಿತ ಬೆಸ್ಟ್ ಪ್ರಕರಣದಲ್ಲಿ ಈ ಅಸಹಾಯಕತೆಯನ್ನು ಒಪ್ಪಿಕೊಂಡೇ ಹೊರೆಯನ್ನು ತಿರುಗಿಸಿತು: ಹಳೆಯ ವಸ್ತು ಹೊಸದರಂತೆಯೇ ಇದೆಯೆಂದು ನಂಬಲು ತಕ್ಕ ಕಾರಣ ಇದ್ದರೆ, ಇಲ್ಲವೆಂದು ತೋರಿಸಬೇಕಾದವರು ಅರ್ಜಿದಾರರು. ಪ್ರಯೋಗಾಲಯ ಯಾರ ಬಳಿ ಇದೆಯೋ ಹೊರೆಯನ್ನೂ ಅವರೇ ಹೊರುವುದು ನ್ಯಾಯ.

ನಮ್ಮಲ್ಲಿ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಇ) ಪ್ರಕಾರ, ಘಟಕಗಳ ಗುಣಗಳು ಬರೀ ಒಟ್ಟುಗೂಡುವಂಥ ಮಿಶ್ರಣ ಆವಿಷ್ಕಾರವಲ್ಲ. ಗುಜರಾತಿನ ಸಾನಂದ, ಅಸ್ಸಾಮಿನ ಜಾಗಿರೋಡ್‌ಗಳಲ್ಲಿ ಚಿಪ್ ಪ್ಯಾಕೇಜಿಂಗ್ ಕಾರ್ಖಾನೆಗಳು ಎದ್ದಿರುವಾಗ, ಆ ಕಲಂ ಈ ಪೇಸ್ಟುಗಳಿಗೆ ಹೇಗೆ ಅನ್ವಯವಾಗುತ್ತದೆ ಎಂಬುದು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಕರ್ನಾಟಕದ ಅರ್ಜಿಗಳಾದರೆ ಚೆನ್ನೈ ಕಚೇರಿಯ ಮುಂದೆ ಹೋಗುತ್ತವೆ. ಇಲ್ಲಿ ‘ಬರೀ ಒಟ್ಟುಗೂಡಿಕೆ’ಯನ್ನು ಯಾವುದರಿಂದ ಅಳೆಯಬೇಕು? ಮ್ಯಾಕ್ಸ್‌ವೆಲ್ ಸೂತ್ರದಿಂದ ಅಳೆದರೆ ಒತ್ತಾಗಿ ತುಂಬಿದ ಪೇಸ್ಟೆಲ್ಲವೂ ಗೆದ್ದುಬಿಡುತ್ತದೆ. ಆದ್ದರಿಂದ ಹೋಲಿಕೆ ಸೂತ್ರದೊಡನೆ ಬೇಡ, ಅತಿ ಹತ್ತಿರದ ಹಳೆಯ ಪೇಸ್ಟಿನೊಡನೆ ಆಗಲಿ. ಅದನ್ನು ಅದೇ ಯಂತ್ರದಲ್ಲಿ ಕಲಸಿ, ಅದೇ ಒತ್ತಡದಲ್ಲಿ ಹರಡಿ, ಒಂದೇ ಒಂದು ಅಂಶ ಬದಲಿಸಿ, ವಾಹಕತೆ, ಸ್ನಿಗ್ಧತೆ, ಪದರದ ದಪ್ಪ, ಮತ್ತು ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 125 ಡಿಗ್ರಿವರೆಗೆ ಸಾವಿರ ಸಲ ಕಾಯಿಸಿ ತಣಿಸಿದ ಮೇಲೆ ಉಳಿದ ಉಷ್ಣರೋಧ, ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿ ಬರೆಯಲಿ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, ನಮ್ಮ ಕಾಯ್ದೆಯಡಿ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಅಂಥ ಕೋಷ್ಟಕ ಅರ್ಜಿಯಲ್ಲೇ ಇದ್ದರೆ, ಆಕ್ಷೇಪಿಸುವವರು ಅದರಲ್ಲಿನ ಒಂದು ಸಾಲನ್ನು ತಮ್ಮ ಪ್ರಯೋಗಾಲಯದಲ್ಲಿ ಮತ್ತೆ ಕಲಸಿ, ಅಳೆದು, ಸಿಕ್ಕ ಸಂಖ್ಯೆಯನ್ನು ಪರೀಕ್ಷಕರ ಮುಂದಿಡಬಲ್ಲರು.