ಮಾರ್ಕೆಟ್ಟಿನ ತಲೆಗಳು, ಫ್ಲಾರೆನ್ಸಿನ ಗೆರೆಗಳು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಮುಂಜಾವನ್ನು ತುಸು ಎತ್ತರದಿಂದ ನೋಡಿ ಬರೆದ ಹಾಗಿರುವ ಚಿತ್ರವೊಂದು ಈಚೆಗೆ ಮುದ್ರಣಕ್ಕೆ ಹೋಯಿತು. ಕಾಗದ, ಕುಂಚ, ಬಣ್ಣದ ಟ್ಯೂಬು ಯಾವುದರ ಸೋಂಕೂ ಇಲ್ಲದೆ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಸ್ಟೈಲಸ್ಸಿನಿಂದಲೇ ಮೂಡಿದ ಚಿತ್ರ. ಎಡಕ್ಕೆ 1928ರ ಮಾರುಕಟ್ಟೆ ಕಟ್ಟಡದ ಹಳೆಯ ಮುಖ, ಹಿಂದೆ ಜಾಮಿಯಾ ಮಸೀದಿಯ ಬಿಳಿ ಮಿನಾರುಗಳು, ಕೆಳಗೆ ಚೆಂಡುಹೂವಿನ ಮೂಟೆಗಳು, ಟೆಂಪೊಗಳು, ತಲೆಯ ಮೇಲೆ ಮಂಕರಿ ಹೊತ್ತ ಕೂಲಿಯವರು, ಬಸ್ಸು ಹಿಡಿಯಲು ಓಡುವವರು. ಬರೆದವಳು ನನ್ನ ಅಣ್ಣನ ಮಗಳು. ಮನೆಯ ಹುಡುಗಿಯನ್ನು ಪತ್ರಿಕೆಯಲ್ಲಿ ಹೊಗಳಿಕೊಂಡ ಆರೋಪ ಬೇಡವೆಂದು ಹೆಸರು ಬಿಟ್ಟಿದ್ದೇನೆ. ಅವಳೇನೂ ಬೇಸರಪಟ್ಟುಕೊಳ್ಳಲಿಲ್ಲ. “ಇದರಲ್ಲಿ ನನ್ನ ಗೆರೆ ಎಷ್ಟು, ಅವರದ್ದೆಷ್ಟು ಅಂತ ನನಗೇ ಲೆಕ್ಕ ಸಿಗ್ತಿಲ್ಲ ಚಿಕ್ಕಪ್ಪ” ಎಂದಳು.

‘ಅವರು’ ಎಂದರೆ ಭಾನುವಾರ ಭಾನುವಾರ ಒಬ್ಬರ ಮನೆಯ ಮಹಡಿಯಲ್ಲಿ ಸೇರಿ ಒಬ್ಬರ ಚಿತ್ರವನ್ನು ಇನ್ನೊಬ್ಬರು ಹರಿದು ಹಾಕುವ ಪುಟ್ಟ ಗುಂಪು. ಅದರಲ್ಲೊಬ್ಬ ಆರ್ಕಿಟೆಕ್ಟ್ ಇದ್ದಾನೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಹುಡುಗಿ ಇದ್ದಾಳೆ, ಗೇಮ್ ಸ್ಟುಡಿಯೊಗಳಲ್ಲಿ ಕೆಲಸ ಮಾಡುವವರಿದ್ದಾರೆ. ಎಲ್ಲರಿಗಿಂತ ಹಿರಿಯರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೈಸ್ಕೂಲು ಮಕ್ಕಳನ್ನು ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ತಯಾರು ಮಾಡುವುದರಲ್ಲೇ ಸರ್ವೀಸು ಮುಗಿಸಿದವರು. ಟ್ಯಾಬ್ಲೆಟ್ ಮುಟ್ಟುವುದಿಲ್ಲ, ಆದರೆ ಗೆರೆ ಒಂದು ಕೂದಲೆಳೆ ಜಾರಿದರೂ ಅವರ ಕಣ್ಣು ತಪ್ಪಿಸುವ ಹಾಗಿಲ್ಲ.

ಮೊದಲ ಕರಡು ನೋಡಿದ ಆರ್ಕಿಟೆಕ್ಟ್ ಹೇಳಿದ್ದು ಒಂದೇ ಮಾತು: “ಲೇ, ಮಿನಾರು ಕುಡಿದಿದೆ.” ನಿಜಕ್ಕೂ ಎರಡು ಮಿನಾರುಗಳೂ ಹೊರಕ್ಕೆ ವಾಲಿಕೊಂಡಿದ್ದವು. ಕಾರಣ ಫೋನು. ಮಾರ್ಕೆಟ್ಟಿನ ಮುಂದಿನ ಫ್ಲೈಓವರ್ ಮೇಲೆ ನಿಂತು ಸ್ಕೆಚ್ ಮಾಡುವುದು ಸಾಧ್ಯವಿಲ್ಲದ ಮಾತು. ಆಟೊದಲ್ಲಿ ದಾಟುವಾಗ ಫೋನನ್ನು ಕೆಳಮುಖವಾಗಿ ಓರೆ ಹಿಡಿದು ತೆಗೆದ ಫೋಟೊಗಳೇ ಅವಳಿಗೆ ಆಧಾರ. ಕ್ಯಾಮೆರಾ ಕೆಳಕ್ಕೆ ಬಗ್ಗಿದರೆ ನೆಟ್ಟಗಿರುವ ಗೆರೆಗಳೆಲ್ಲ ಕೆಳಗೆಲ್ಲೋ ಒಂದು ಬಿಂದುವಿನ ಕಡೆ ಸೇರುತ್ತವೆ, ತುದಿಗಳು ಬಿಚ್ಚಿಕೊಳ್ಳುತ್ತವೆ. ಫೋನಿನ ಅಗಲ ನೋಟದ ಲೆನ್ಸು ಅಂಚಿನಲ್ಲಿರುವುದನ್ನು ಇನ್ನಷ್ಟು ಹಿಗ್ಗಿಸುತ್ತದೆ. ನಮ್ಮ ಕಣ್ಣು ಕೂಡ ಬಗ್ಗಿ ನೋಡುತ್ತದೆ, ಆದರೆ ಮಿನಾರು ನೆಟ್ಟಗಿದೆ ಎಂದು ತಿಳಿದ ಮಿದುಳು ಅದನ್ನು ತಿದ್ದಿಕೊಂಡುಬಿಡುತ್ತದೆ. ಫೋಟೊದ ಮೇಲೆ ಗೆರೆ ಎಳೆದುಕೊಂಡು ಹೋದವರಿಗೆ ಆ ತಿದ್ದುಪಡಿ ಸಿಗುವುದಿಲ್ಲ.

ಎರಡನೆಯ ತಕರಾರು ಮೇಷ್ಟ್ರದ್ದು. “ಏನಮ್ಮಾ, ಈ ಜನ ಎಲ್ಲ ಎಷ್ಟೆಷ್ಟು ಎತ್ತರ?” ಅವಳು ಜನರನ್ನು ಅಂದಾಜಿನಲ್ಲಿ ಹಾಕಿದ್ದಳು: ಹತ್ತಿರದವರು ದೊಡ್ಡವರು, ದೂರದವರು ಚಿಕ್ಕವರು. ತಪ್ಪೇನಿಲ್ಲ, ಆದರೆ ಎಷ್ಟು ದೊಡ್ಡವರು? ಟೆಂಪೊ ಪಕ್ಕದ ಕೂಲಿ ಆಳು ಟೆಂಪೊಗಿಂತ ಎತ್ತರವಾಗಿದ್ದ. ಮೇಷ್ಟ್ರು ಪೆನ್ಸಿಲಿನಲ್ಲಿ ಹಳೆಯ ನೋಟ್‌ಬುಕ್ಕಿನ ಹಿಂಬದಿಗೆ ಒಂದು ಅಡ್ಡಗೆರೆ ಹಾಕಿದರು. ಅದು ದಿಗಂತರೇಖೆ, ಎಂದರೆ ನೋಡುವವರ ಕಣ್ಣಿನ ಮಟ್ಟ. ನೆಲದಿಂದ ಎಂಟು ಮೀಟರ್ ಎತ್ತರದಲ್ಲಿ ಕಣ್ಣಿದೆ ಎಂದುಕೊಳ್ಳಿ. ಸಮತಟ್ಟಾದ ನೆಲದ ಮೇಲೆ 1.6 ಮೀಟರಿನ ಮನುಷ್ಯ ಎಲ್ಲೇ ನಿಂತಿರಲಿ, ಅವನ ಪಾದದಿಂದ ಆ ಅಡ್ಡಗೆರೆಯವರೆಗಿನ ದೂರದಲ್ಲಿ ಐದನೇ ಒಂದು ಭಾಗ ಅವನು, ಉಳಿದ ನಾಲ್ಕು ಭಾಗ ಖಾಲಿ ಗಾಳಿ. ಹತ್ತಿರ ಬಂದರೆ ಪಾದ ಚಿತ್ರದಲ್ಲಿ ಕೆಳಗಿಳಿಯುತ್ತದೆ, ಐದನೇ ಒಂದು ಭಾಗ ತಾನಾಗಿಯೇ ಉದ್ದವಾಗುತ್ತದೆ. ನೂರು ಜನರಿಗೂ ಇದೊಂದೇ ಅಳತೆ ಸಾಕು. ಮೇಷ್ಟ್ರ ಈ ಗೆರೆ ನೋಡಿದ ಮೇಲೆ ರಸ್ತೆಯಲ್ಲಿ ಹೋಗುವವರನ್ನೆಲ್ಲ ಮನಸ್ಸಿನಲ್ಲೇ ಐದು ಪಾಲು ಮಾಡಿ ನೋಡುವ ಚಟ ನನಗೂ ಅಂಟಿಕೊಂಡಿತು.

ಇದು ಮೇಷ್ಟ್ರು ಕಂಡುಹಿಡಿದದ್ದಲ್ಲ, ಆರು ಶತಮಾನ ಹಿಂದಿನ ಇಟಲಿಯ ಪಾಠ. ಅಲ್ಲಿಗೆ ಹೋದರೆ ಮೊದಲು ಸಿಗುವುದೂ ನಗರದ ಚಿತ್ರವೇ. ಫ್ಲಾರೆನ್ಸಿನ ಕೆಥೆಡ್ರಲ್‌ಗೆ ಆ ಮಹಾ ಗುಮ್ಮಟ ಕಟ್ಟಿದ ಫಿಲಿಪ್ಪೊ ಬ್ರುನೆಲ್ಲೆಸ್ಕಿ, 15ನೇ ಶತಮಾನದ ಮೊದಲ ಕಾಲುಭಾಗದಲ್ಲಿ, ಅದೇ ಕೆಥೆಡ್ರಲ್‌ನ ಬಾಗಿಲೊಳಗೆ ನಿಂತು ಎದುರಿನ ಎಂಟು ಮುಖದ ಬ್ಯಾಪ್ಟಿಸ್ಟರಿಯನ್ನೂ ಸುತ್ತಲಿನ ಚೌಕವನ್ನೂ ಒಂದು ಚಿಕ್ಕ ಹಲಗೆಯ ಮೇಲೆ ಬರೆದ. ಹಲಗೆ ಕಳೆದುಹೋಗಿದೆ. ಆದರೆ ಅವನ ಜೀವನಚರಿತ್ರೆ ಬರೆದ ಮಾನೆಟ್ಟಿ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದ, ವಿವರ ಬರೆದಿಟ್ಟಿದ್ದಾನೆ. ಹಲಗೆಗೆ ಒಂದು ತೂತು. ಚಿತ್ರದ ಕಡೆ ಅದು ಬೇಳೆಕಾಳಿನಷ್ಟು, ಹಿಂಬದಿಯಲ್ಲಿ ಅಗಲವಾಗಿ ಚಿನ್ನದ ನಾಣ್ಯದಷ್ಟು. ಹಿಂಬದಿಯಿಂದ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಕನ್ನಡಿಯನ್ನು ಎದುರು ಹಿಡಿದು, ಪ್ರತಿಬಿಂಬದಲ್ಲಿ ಚಿತ್ರ ನೋಡಬೇಕು. ಆಕಾಶವಿರಬೇಕಾದ ಜಾಗಕ್ಕೆ ಅವನು ಬಣ್ಣ ಹಾಕಿರಲಿಲ್ಲ, ಮಿರುಗುವ ಬೆಳ್ಳಿ ಕೂರಿಸಿದ್ದ. ಫ್ಲಾರೆನ್ಸಿನ ನಿಜವಾದ ಮೋಡಗಳು ಆ ಬೆಳ್ಳಿಯಲ್ಲಿ ಗಾಳಿಗೆ ತೇಲಿಹೋಗುತ್ತಿದ್ದವು.

ಬ್ರುನೆಲ್ಲೆಸ್ಕಿ ಕೈಯಲ್ಲಿ ಮಾಡಿ ತೋರಿಸಿದ್ದನ್ನು ಬರಹಕ್ಕೆ ಇಳಿಸಿದವನು ಲಿಯೊನ್ ಬತ್ತಿಸ್ತ ಆಲ್ಬರ್ಟಿ. 1435-36ರ ಹೊತ್ತಿಗೆ ಬರೆದ ‘ಡೆ ಪಿಕ್ತೂರಾ’ದ ಇಟಾಲಿಯನ್ ಪ್ರತಿಯನ್ನು ಅವನು ಬ್ರುನೆಲ್ಲೆಸ್ಕಿಗೇ ಅರ್ಪಿಸಿದ್ದಾನೆ. ಚರ್ಚಿನೊಳಗೆ ಓಡಾಡುವ ಜನರನ್ನು ಗಮನಿಸಿ ಎನ್ನುತ್ತಾನೆ ಆಲ್ಬರ್ಟಿ. ತಲೆಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ, ಹಿಂದಿನವರ ಪಾದ ಮಾತ್ರ ಮುಂದಿನವರ ಮೊಣಕಾಲಿನ ಸಮಕ್ಕೆ ಬರುತ್ತದೆ. ನೋಡುವವನೂ ಅದೇ ನೆಲದ ಮೇಲೆ ನಿಂತಿರುವುದರಿಂದ ಹಾಗೆ. ಅವನನ್ನು ಫ್ಲೈಓವರಿಗೆ ಹತ್ತಿಸಿದರೆ ತಲೆಗಳೆಲ್ಲ ದಿಗಂತರೇಖೆ ಬಿಟ್ಟು ಕೆಳಗಿಳಿದು ಹರಡಿಕೊಳ್ಳುತ್ತವೆ. ಮೇಷ್ಟ್ರ ಐದನೇ ಒಂದು ಭಾಗ ಬರುವುದು ಅಲ್ಲಿಂದ.

ನನಗೆ ಹೆಚ್ಚು ಸೋಜಿಗವೆನಿಸಿದ್ದು ಬೇರೆ. ಗೆರೆಯ ಲೆಕ್ಕ ಕಲಿಸಿದ ಅದೇ ಪುಸ್ತಕ, ಬರೆದದ್ದನ್ನು ನಾಲ್ಕು ಜನರಿಗೆ ತೋರಿಸು ಎಂದೂ ಹೇಳುತ್ತದೆ. ಕೆಲಸ ನಡೆಯುತ್ತಿರುವಾಗಲೇ ಗೆಳೆಯರನ್ನು ಕರೆ, ದಾರಿಹೋಕರ ಮಾತನ್ನೂ ಕೇಳು, ಕೊನೆಗೆ ಬಲ್ಲವರ ಮಾತಿಗೆ ಮಣೆ ಹಾಕು ಎನ್ನುತ್ತಾನೆ ಆಲ್ಬರ್ಟಿ. ಅವನು ನೆನೆಯುವುದು ಗ್ರೀಸಿನ ಅಪೆಲ್ಲೀಸನನ್ನು. ಚಿತ್ರವನ್ನು ಬೀದಿಗಿಟ್ಟು ಅದರ ಹಿಂದೆ ಅಡಗಿ ಕೂತು ಜನರ ಮಾತು ಕೇಳುತ್ತಿದ್ದನಂತೆ. ರೋಮಿನ ಪ್ಲಿನಿ ಈ ಕಥೆಗೆ ಒಬ್ಬ ಚಮ್ಮಾರನನ್ನೂ ತರುತ್ತಾನೆ. ಚಿತ್ರದ ಚಪ್ಪಲಿಯಲ್ಲಿ ತಪ್ಪಿದೆ ಎಂದ, ಅಪೆಲ್ಲೀಸ್ ತಿದ್ದಿದ. ಮಾರನೆಯ ದಿನ ಕಾಲಿಗೂ ಹೆಸರಿಟ್ಟ. ಚಪ್ಪಲಿ ದಾಟಿ ಮೇಲೆ ಬರಬೇಡ ಎಂದು ಗದರಿಸಿ ಕಳಿಸಿದನಂತೆ ಅಪೆಲ್ಲೀಸ್. ಆಲ್ಬರ್ಟಿ ಹೇಳುವ ಇನ್ನೊಬ್ಬ ವಿಮರ್ಶಕ ಕನ್ನಡಿ. ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಅಲ್ಲಿಯವರೆಗೆ ಕಣ್ಣಿಗೆ ಒಗ್ಗಿಹೋಗಿದ್ದ ದೋಷ ಎದ್ದು ಕಾಣುತ್ತದೆ. ಇವತ್ತು ಡಿಜಿಟಲ್ ಚಿತ್ರಕಾರರು ಗಳಿಗೆಗೊಮ್ಮೆ ಒತ್ತುವ ‘ಫ್ಲಿಪ್’ ಗುಂಡಿ ಮಾಡುವುದೂ ಇದನ್ನೇ. ನಮ್ಮ ಹುಡುಗಿ ಫ್ಲಿಪ್ ಮಾಡಿದಾಗಲೆಲ್ಲ ಇಡೀ ಮಾರ್ಕೆಟ್ಟು ಬಲಕ್ಕೆ ಜಾರಿದಂತೆ ಕಾಣುತ್ತಿತ್ತು. ಅವಳ ಕೈಗೆ ಗೆರೆಗಳನ್ನು ಒಂದೇ ಕಡೆ ಎಳೆಯುವ ಅಭ್ಯಾಸ.

ಹಾಗಾದರೆ ಡಿಜಿಟಲ್ ತಂದ ಹೊಸದೇನು? ತಿದ್ದುವ ನೋವು ಹೋಯಿತು. ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊದಲ್ಲಿ ಗಾರೆ ಒಣಗಿದ ಮೇಲೆ ತಪ್ಪು ಕಂಡರೆ ಅಷ್ಟು ಭಾಗ ಕಿತ್ತು ಮತ್ತೆ ಗಾರೆ ಮೆತ್ತಬೇಕಿತ್ತು. 1990ರಲ್ಲಿ ಬಂದ ಫೋಟೊಶಾಪ್, 1994ರ ಮೂರನೆಯ ಆವೃತ್ತಿಯಲ್ಲಿ ಲೇಯರ್‌ಗಳನ್ನು ಕೊಟ್ಟಿತು. ಆಮೇಲೆ ಬೇರೆಯವರ ಚಿತ್ರದ ಮೇಲೆ ಬೇರೆಯವರು ಕೈಯಾಡಿಸುವುದು ಅಪರಾಧವಾಗಿ ಉಳಿಯಲಿಲ್ಲ. ಮೇಲೊಂದು ಪಾರದರ್ಶಕ ಲೇಯರ್ ಹಾಕಿ ಕೆಂಪು ಗೆರೆ ಎಳೆದರೆ ಸರಿ, ಬೇಡವೆನಿಸಿದರೆ ಆ ಲೇಯರಿನ ಕಣ್ಣು ಮುಚ್ಚಿದರಾಯಿತು. ಮಾರ್ಕೆಟ್ ಚಿತ್ರದ ಕಡತದಲ್ಲಿ ಇಂಥ ಕೆಂಪು ಲೇಯರ್‌ಗಳ ದೊಡ್ಡ ಅಟ್ಟಿಯೇ ಇದೆ. ಒಂದೊಂದಕ್ಕೂ ಎಳೆದವರ ಹೆಸರು. ಒಂದರ ಹೆಸರು ಮಾತ್ರ ‘ಸಾಕು ಬಿಡೋ’.

ಆ ಹೆಸರಿನದ್ದು ಆರ್ಕಿಟೆಕ್ಟನ ಲೇಯರು, ಮತ್ತು ಗುಂಪಿನಲ್ಲಿ ದೊಡ್ಡ ಜಗಳ ಆದದ್ದೂ ಅದರ ಮೇಲೆ. ಈಗಿನ ತಂತ್ರಾಂಶಗಳಲ್ಲಿ ಪರ್ಸ್ಪೆಕ್ಟಿವ್ ಗೈಡ್ ಇರುತ್ತದೆ. ದಿಗಂತರೇಖೆಯ ಮೇಲೆ ಎರಡು ಬಿಂದು ಇಟ್ಟರೆ ಕೈ ಹೇಗೇ ನಡುಗಲಿ, ಗೆರೆ ಆ ಬಿಂದುವಿಗೇ ಹೋಗಿ ಸೇರುತ್ತದೆ. ಅವಳು ಎರಡೇ ಬಿಂದು ಇಟ್ಟು ಎಲ್ಲ ಕಟ್ಟಡಗಳನ್ನೂ ಅಲ್ಲಿಗೆ ಕಟ್ಟಿದ್ದಳು. ಗೆರೆ ಎಲ್ಲ ಕರಾರುವಾಕ್ಕು, ಆದರೂ ಅದು ಮಾರ್ಕೆಟ್ಟೇ ಅಲ್ಲ. ಅಪಾರ್ಟ್‌ಮೆಂಟ್ ಮಾರುವವರ ಕರಪತ್ರದಲ್ಲಿ ಬರುವ ಬಡಾವಣೆ! ಪೇಟೆಯ ಕಟ್ಟಡಗಳು ಹಾಗೆ ಕವಾಯತಿಗೆ ನಿಂತಿಲ್ಲ. ಒಂದು ಕೊಂಚ ಎಡಕ್ಕೆ ಮುಖ ಮಾಡಿದೆ, ಪಕ್ಕದ್ದು ಬಲಕ್ಕೆ, ಅದರಾಚೆಯದು ತಿರುವಿಗೆ ತಕ್ಕಂತೆ ಬಾಗಿದೆ. ಪ್ರತಿ ಕಟ್ಟಡಕ್ಕೂ ಅದರದೇ ಜೋಡಿ ಬಿಂದುಗಳು ಬೇಕು, ಆದರೆ ಎಲ್ಲ ಜೋಡಿಗಳೂ ಒಂದೇ ದಿಗಂತರೇಖೆಯ ಮೇಲಿರಬೇಕು. ಬ್ಲೆಂಡರ್ ತಂತ್ರಾಂಶದಲ್ಲಿ ಡಬ್ಬಗಳನ್ನು ನಿಲ್ಲಿಸಿ ಮೂರು ಆಯಾಮದಲ್ಲಿ ಒಮ್ಮೆ ಕಟ್ಟಿಕೊಂಡುಬಿಡು, ಒಂದು ಸಂಜೆಯ ಕೆಲಸ ಎಂದ ಆರ್ಕಿಟೆಕ್ಟ್. ಅವಳು ಒಪ್ಪಲಿಲ್ಲ. ಒಂದೊಂದೇ ಕಟ್ಟಡಕ್ಕೆ ಬಿಂದು ಹುಡುಕುತ್ತ ಕೂತಳು. ಅರ್ಧದಷ್ಟು ಬಿಂದುಗಳು ಚಿತ್ರದ ಚೌಕಟ್ಟಿನಿಂದ ಆಚೆ, ಎಲ್ಲೋ ದೂರದಲ್ಲಿ. ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ ಇರುವುದು ಆ ಹಟದಲ್ಲಿ.

ಮೊದಲ ಕರಡಿನಲ್ಲಿ ಕೋಟೆಯ ಹೆಬ್ಬಾಗಿಲೂ ಇತ್ತು. ಮಾರ್ಕೆಟ್ಟಿನ ಮಗ್ಗುಲಲ್ಲೇ ಉಳಿದಿರುವ ದೆಹಲಿ ಬಾಗಿಲನ್ನು ಬಲ ಅಂಚಿಗೆ ಎಳೆದು ತಂದು ಕೂರಿಸಿದ್ದಳು. ಅವಳು ಆರಿಸಿಕೊಂಡ ಕೋನಕ್ಕೆ ಅದು ಬೀಳುವುದಿಲ್ಲ. ತೆಗೆ ಎಂದಿತು ಗುಂಪು. ಬೇಡ ಎಂದೆ ನಾನು. ವೆನಿಸ್ಸಿನ ಚಿತ್ರಕಾರ ಕಾನಾಲೆಟ್ಟೊ ಕೂಡ ಒಂದೇ ಚಿತ್ರದಲ್ಲಿ ಬೇರೆ ಬೇರೆ ಕಡೆಯಿಂದ ಕಂಡದ್ದನ್ನು ಸೇರಿಸುತ್ತಿದ್ದ, ಕಟ್ಟಡಗಳನ್ನು ಅತ್ತಿತ್ತ ಸರಿಸುತ್ತಿದ್ದ. ಅಲ್ಲದೆ ಬೆಂಗಳೂರು ಈ ಬಗೆಯ ಚಿತ್ರಗಳಿಗೆ ಸಿಕ್ಕಿದ್ದೇ ಆ ಕೋಟೆಯಿಂದ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಕೋಟೆ ಹಿಡಿಯಿತು. ಆ ಸೈನ್ಯದೊಂದಿಗೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಪುಸ್ತಕವಾಗಿ ಬಂದವು. ಅವುಗಳಲ್ಲಿ ಬೆಂಗಳೂರು ಕೋಟೆಯೂ ಇದೆ. ಲಂಡನ್ನಿನ ಓದುಗರಿಗೆ ಗೆದ್ದ ಊರನ್ನು ತೋರಿಸುವ ಕೆಲಸಕ್ಕೆ ಆ ಅಳತೆಯ ಗೆರೆಗಳು ಚೆನ್ನಾಗಿ ಒದಗಿದವು. ಇಷ್ಟೆಲ್ಲ ಹೇಳಿದರೂ ನನ್ನ ಮಾತು ನಡೆಯಲಿಲ್ಲ. ಬಾಗಿಲು ಹೋಯಿತು, ಆ ಜಾಗದಲ್ಲಿ ಈಗ ಟೆಂಪೊ ನಿಂತಿದೆ. ನನಗಿನ್ನೂ ಅದರ ಬಗ್ಗೆ ಕೊರಗಿದೆ.

ಇಲ್ಲಿ ಮೇಷ್ಟ್ರು ಎಲ್ಲರಿಗೂ ಉಲ್ಟಾ ಹೊಡೆದರು. ಅಷ್ಟು ದಿನ ಅಳತೆ ಅಳತೆ ಎನ್ನುತ್ತಿದ್ದವರು ಒಂದು ಭಾನುವಾರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಫೋಟೊ ತಂದರು. 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೋಮ್ ಬರೆದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ. ಆದರೆ ಈ ಗೋಡೆಯ ಮೇಲೆ ಸೈನಿಕರು ಸಾಲುಸಾಲಾಗಿ ತುಂಬಿದ್ದಾರೆ, ಗೆರೆಗಳು ಓಡಿಹೋಗಿ ಸೇರುವ ಬಿಂದುವೇ ಇಲ್ಲ. ಒಂದೇ ಕಡೆ ನಿಂತು ನೋಡು ಎಂದು ಆ ಗೋಡೆ ಯಾರಿಗೂ ಹೇಳುವುದಿಲ್ಲ. “ದೂರ ಇರೋರು ಚಿಕ್ಕೋರೇ ಆಗಬೇಕಾ? ನಡುವೆ ಕೂತಿರೋ ಆ ಹೂವಿನಮ್ಮ ಇದಾಳಲ್ಲ, ಅವಳನ್ನ ದೊಡ್ಡದು ಮಾಡು” ಎಂದರು ಮೇಷ್ಟ್ರು. ಮಕ್ಕಳ ಪುಸ್ತಕದ ಹುಡುಗಿ ಚಪ್ಪಾಳೆ ತಟ್ಟಿದಳು, ಆರ್ಕಿಟೆಕ್ಟ್ ತಲೆ ಚಚ್ಚಿಕೊಂಡ. ಅಣ್ಣನ ಮಗಳು ಹೂವಿನಮ್ಮನ ಅಳತೆ ಮುಟ್ಟಲಿಲ್ಲ. ಅವಳ ಸುತ್ತಲಿನ ಬಣ್ಣಗಳನ್ನು ಮಬ್ಬು ಮಾಡಿ ಎಳೆಬಿಸಿಲನ್ನು ಆಕೆಯ ಬುಟ್ಟಿಯ ಮೇಲೆ ಮಾತ್ರ ಬೀಳಿಸಿದಳು. ಹಿಂದಿನ ಮಿನಾರುಗಳಿಗೆ ಹೊಗೆ, ದೂಳು, ಚಳಿಗಾಲದ ಮಂಜು ಬೆರೆತ ನೀಲಿ ಬೂದು ತುಂಬಿದಳು. ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿದರೂ ಕಣ್ಣು ಮೊದಲು ಹೋಗುವುದು ಹೂವಿನಮ್ಮನ ಕಡೆಗೇ. ಮೇಷ್ಟ್ರು ಪೂರ್ತಿ ಒಪ್ಪಿದರೋ ಇಲ್ಲವೋ, “ಹೂಂ, ಇರಲಿ” ಎಂದರು.

ಕೊನೆಯ ವಿಮರ್ಶೆ ಬಂದದ್ದು ಮುದ್ರಣದಂಗಡಿಯಲ್ಲಿ. ಪರದೆಯ ಮೇಲೆ ಬೆಳಕಿನಿಂದ ಹುಟ್ಟುವ ಬಣ್ಣ ಬೇರೆ, ಕಾಗದದ ಮೇಲೆ ನಾಲ್ಕು ಶಾಯಿ ಕೂಡಿ ಆಗುವ ಬಣ್ಣ ಬೇರೆ. “ಮೇಡಂ, ಈ ಚೆಂಡುಹೂವಿನ ಕಿತ್ತಳೆ ನಮ್ಮ ಮಿಷನ್ನಲ್ಲಿ ಹಿಂಗೇ ಬರಲ್ಲ, ಮಂಕಾಗುತ್ತೆ” ಎಂದ ಅಂಗಡಿಯವನು. ಕಿತ್ತಳೆ ಏರಿಸುವ ಬದಲು ಅದರ ಸುತ್ತಲಿನ ನೆರಳನ್ನು ಇನ್ನಷ್ಟು ತಣ್ಣಗೆ ಮಾಡುವುದೆಂದು ತೀರ್ಮಾನವಾಯಿತು. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಪರದೆಗೆ ಇನ್ನೂ ಹತ್ತಿರ ಬಗ್ಗಿ, “ಹೂವಿನೋರು ಹಿಂಗೆ ಬಿಸಿಲಿಗೆ ಹೂವು ಬಿಟ್ಟು ಕೂರಲ್ಲ ಮೇಡಂ, ಬಾಡೋಗುತ್ತೆ. ಮೇಲೆ ಒದ್ದೆ ಗೋಣಿ ಹಾಕಿರ್ತಾರೆ, ಇಲ್ಲ ಕೊಡೆ ಇರುತ್ತೆ” ಎಂದ. ಅವನ ಅಜ್ಜಿ ಅಲ್ಲೇ ಕನಕಾಂಬರ ಮಾರುತ್ತಿದ್ದಳಂತೆ. ಅಪೆಲ್ಲೀಸ್ ಆಗಿದ್ದರೆ ಗದರಿಸುತ್ತಿದ್ದನೇನೋ. ಇವಳು ಅಂಗಡಿಯ ಸ್ಟೂಲಿನ ಮೇಲೆ ಕೂತು, ಲ್ಯಾಪ್‌ಟಾಪಿನಲ್ಲಿ ಕಡತ ತೆರೆದು, ಹೊಸ ಲೇಯರ್ ಹಾಕಿದಳು.