ಬ್ಯಾಟರಿ ಟರ್ಮಿನಲ್ ಬೋಲ್ಟ್ ಮುರಿದರೆ ಏನು ಮಾಡಬೇಕು, ಏನು ಮಾಡಬಾರದು?

ಮಳೆ ಬಿದ್ದು ಹೊಲ ಹದಕ್ಕೆ ಬಂದಿರುತ್ತೆ. ಟ್ರ್ಯಾಕ್ಟರ್ ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿರುತ್ತೆ. ಬಿಗಿ ಮಾಡೋಣ ಅಂತ ಸ್ಪ್ಯಾನರ್ ಹಾಕಿ ಎಳೆದರೆ ಬೋಲ್ಟ್ ಕಟ್! ಮುಂಗಾರು ಶುರುವಾದ ಮೇಲೆ ನನಗೆ ಬರುವ ಫೋನ್‌ಗಳಲ್ಲಿ ಇದು ತುಂಬಾ ಸಾಮಾನ್ಯ.

ಮುರಿದಿರೋದು ಹತ್ತಿಪ್ಪತ್ತು ರೂಪಾಯಿಯ ಬೋಲ್ಟ್. ಅದನ್ನ ತೆಗೆಯೋ ಅವಸರದಲ್ಲಿ ಸಾವಿರಾರು ರೂಪಾಯಿಯ ಬ್ಯಾಟರಿ ಹಾಳಾಗಬಹುದು, ಕಣ್ಣೂ ಹೋಗಬಹುದು. ಅದಕ್ಕೇ ಈ ವಾರ ಇದನ್ನೇ ಬರೀತಿದೀನಿ. ಟ್ರ್ಯಾಕ್ಟರ್, ಕಾರು, ಪಿಕಪ್ ಯಾವುದಾದರೂ ವಿಧಾನ ಒಂದೇ.

ಗ್ರೈಂಡರ್, ಗ್ಯಾಸ್ ಕಟ್ಟರ್ ಬೇಡವೇ ಬೇಡ

ಒಮ್ಮೆ ಒಬ್ಬ ಹುಡುಗ ಬ್ಯಾಟರಿ ಪಕ್ಕ ಗ್ರೈಂಡರ್ ಹಿಡ್ಕೊಂಡು ನಿಂತಿದ್ದ. “ಅಣ್ಣಾ, ಎರಡೇ ನಿಮಿಷದ ಕೆಲಸ” ಅಂದ. “ಮೊದಲು ಆ ಪ್ಲಗ್ ಕೀಳಪ್ಪ, ಆಮೇಲೆ ಮಾತಾಡೋಣ” ಅಂದೆ.

ಯಾಕೆ ಅಂದ್ರೆ, ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತೆ. ಒಳಗಿರುವ ಸಲ್ಫ್ಯೂರಿಕ್ ಆಸಿಡ್ ನೇರ ಮುಖಕ್ಕೇ ಹಾರುತ್ತೆ. ಇನ್ನೊಂದು ವಿಷಯ: ಟರ್ಮಿನಲ್ ಕಂಬ ಸೀಸದ್ದು. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ಕಬ್ಬಿಣದ ಬೋಲ್ಟ್ ಕೆಂಪಗೆ ಕಾಯೋ ಮೊದಲೇ ಕಂಬ ನೀರಾಗಿರುತ್ತೆ.

ಸುತ್ತಿಗೆಯಿಂದ ಹೊಡೆಯೋದೂ ತಪ್ಪು. ಕಂಬ ಅಲುಗಾಡಿದರೆ ಅದರ ಬುಡದ ಸೀಲ್ ಬಿಡುತ್ತೆ, ಆಸಿಡ್ ಜಿನುಗೋಕೆ ಶುರುವಾಗುತ್ತೆ.

ಕೈ ಹಾಕೋ ಮೊದಲು

ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿ. ಚಾರ್ಜರ್ ಹಾಕಿದ್ರೆ ಅದನ್ನೂ ತೆಗೀರಿ. ಬಾನೆಟ್ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಬೀಡಿ, ಸಿಗರೇಟು ದೂರ ಇರಲಿ. ಕೈಯಲ್ಲಿರೋ ಉಂಗುರ, ಕಡಗ, ವಾಚ್ ಬಿಚ್ಚಿಡಿ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇಟ್ಟುಕೊಳ್ಳಿ. ವೈರ್‌ಗಳ ಜೋಡಣೆಯನ್ನ ಮೊಬೈಲ್‌ನಲ್ಲಿ ಎರಡು ಫೋಟೋ ತೆಗೆದಿಡಿ. ಆದರೆ ಮೊಬೈಲನ್ನ ಬ್ಯಾಟರಿ ಮೇಲೆ ಇಡಬೇಡಿ.

ಮೊದಲು ಮೈನಸ್ ವೈರ್ ಬಿಚ್ಚಬೇಕು. ಈಗಿನ ಟ್ರ್ಯಾಕ್ಟರ್, ಕಾರುಗಳಲ್ಲಿ ಅದೇ ಬಾಡಿಗೆ ಜೋಡಿಸಿರೋ ಅರ್ಥ್. ಪ್ಲಸ್ ಅನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ನೂರಾರು ಆಂಪಿಯರ್ ಹರಿದು ಸ್ಪ್ಯಾನರೇ ಕೆಂಪಾಗುತ್ತೆ.

ಮುರಿದಿರೋದು ಮೈನಸ್ ಬೋಲ್ಟೇ ಆದರೆ? ಆ ವೈರ್‌ನ ಇನ್ನೊಂದು ತುದಿ ಚಾಸಿಗೋ ಎಂಜಿನ್‌ಗೋ ಬೋಲ್ಟ್ ಆಗಿರುತ್ತೆ. ಅಲ್ಲಿ ಬಿಚ್ಚಿ, ಬೇರೆ ಯಾವ ವೈರೂ ಮೈನಸ್‌ನಿಂದ ಬಾಡಿಗೆ ಹೋಗಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಪ್ಲಸ್ ಕಂಬಕ್ಕೆ ಹಳೇ ಸೈಕಲ್ ಟ್ಯೂಬ್ ತುಂಡು ಹೊದಿಸಿ, ಆರಾಮಾಗಿ ಕೆಲಸ ಮಾಡಿ.

ಕ್ಲ್ಯಾಂಪ್ ಬೋಲ್ಟ್ ಮುರಿದಿದ್ದರೆ

ಟ್ರ್ಯಾಕ್ಟರ್, ಕಾರುಗಳಲ್ಲಿ ಹೆಚ್ಚಾಗಿ ಮುರಿಯೋದು ಕ್ಲ್ಯಾಂಪಿನ ಎರಡು ಕಿವಿಗಳನ್ನ ಬಿಗಿಯುವ ಬೋಲ್ಟ್. ಇದು ಸುಲಭದ ಕೆಲಸ.

1. ಬ್ಯಾಟರಿಯ ನೀರಿನ ಮುಚ್ಚಳಗಳು ಬಿಗಿಯಾಗಿವೆಯಾ ನೋಡಿ. ಒಂದು ಲೋಟ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಟರ್ಮಿನಲ್ ಉಜ್ಜಿ. ನೊರೆ ಬರೋದು ನಿಂತರೆ ಆಸಿಡ್ ಸತ್ತಿದೆ ಅಂತ ಅರ್ಥ. ಸೋಡಾ ನೀರು ಮಾತ್ರ ಬ್ಯಾಟರಿ ಒಳಗೆ ಹೋಗಬಾರದು. ಬಟ್ಟೆಯಿಂದ ಒರೆಸಿ.

2. ತುಕ್ಕು ಬಿಡಿಸೋ ಎಣ್ಣೆ ನಾಲ್ಕು ಹನಿ ಬಿಟ್ಟು ಇಪ್ಪತ್ತು ನಿಮಿಷ ಕಾಯಿರಿ. ಪೆಟ್ರೋಲ್ ಹಾಕಬೇಡಿ.

3. ಬೋಲ್ಟ್ ತಲೆ ಹಾರಿಹೋಗಿದ್ದರೆ ಬಿಗಿತ ಆಗಲೇ ಬಿಟ್ಟಿರುತ್ತೆ. ಕಿವಿಗಳ ಸಂದಿಗೆ ಸ್ಕ್ರೂಡ್ರೈವರ್ ಇಟ್ಟು ನಿಧಾನ ತಿರುಗಿಸಿದರೆ ಕ್ಲ್ಯಾಂಪ್ ಬಾಯಿ ಬಿಡುತ್ತೆ. ಎಡಕ್ಕೆ ಬಲಕ್ಕೆ ಆಡಿಸಿ ಮೇಲಕ್ಕೆ ಎತ್ತಿ. ಬ್ಯಾಟರಿ ಮುಚ್ಚಳಕ್ಕೆ ಒತ್ತು ಕೊಟ್ಟು ಮೀಟಬೇಡಿ.

4. ತಲೆ ದುಂಡಾಗಿ ಸ್ಪ್ಯಾನರ್ ಜಾರ್ತಿದ್ರೆ ಲಾಕಿಂಗ್ ಪ್ಲೈಯರ್ ಕಚ್ಚಿಸಿ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಎರಡು ಕಿವಿಗಳ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ, ಬೋಲ್ಟನ್ನ ಕೈಯಿಂದಲೇ ನಿಧಾನ ಕುಯ್ಯಿರಿ. ಹತ್ತು ನಿಮಿಷ ಹಿಡಿಯಬಹುದು, ಹಿಡೀಲಿ.

ಅದೇ ಅಳತೆಯ ಹೊಸ ನಟ್ಟು, ಬೋಲ್ಟ್ ಹಾಕಿದರೆ ಮುಗೀತು. ಕಿವಿ ಸೀಳಿದ್ದರೆ ಕ್ಲ್ಯಾಂಪನ್ನೇ ಬದಲಿಸಿ. ತರುವಾಗ ಪ್ಲಸ್ಸಾ ಮೈನಸ್ಸಾ ಅಂತ ಹೇಳಿ ತನ್ನಿ, ಪ್ಲಸ್ ಕಂಬ ಸ್ವಲ್ಪ ದಪ್ಪ ಇರುತ್ತೆ.

ಬೈಕ್ ಬ್ಯಾಟರಿಯಾದರೆ ಇನ್ನೂ ಸುಲಭ. ಹೆಚ್ಚಿನವುಗಳಲ್ಲಿ ಚೌಕದ ನಟ್ಟು ಟರ್ಮಿನಲ್ ಒಳಗೆ ಬಿಡಿಯಾಗಿ ಕೂತಿರುತ್ತೆ. ಮುರಿದ ತುಂಡಿನ ಸಮೇತ ಅದನ್ನ ಪಕ್ಕಕ್ಕೆ ಜಾರಿಸಿ ತೆಗೆದು, ಹೊಸ ಜೋಡಿ ಹಾಕಿ.

ಕಂಬದೊಳಗಿನ ಮರೆಗೆ ಬೋಲ್ಟ್ ಮುರಿದಿದ್ದರೆ

ಸೋಲಾರ್‌ಗೆ ಬಳಸೋ ಕೆಲವು ಸೀಲ್ಡ್ ಬ್ಯಾಟರಿಗಳಲ್ಲಿ ಬೋಲ್ಟ್ ನೇರ ಟರ್ಮಿನಲ್ ಒಳಗಿನ ಮರೆಗೇ ಹೋಗುತ್ತೆ. ಇಲ್ಲಿ ಕೈ ಹಾಕೋ ಮುಂಚೆ ವಾರಂಟಿ ಕಾರ್ಡ್ ನೋಡಿ. ವಾರಂಟಿ ಇದ್ದರೆ ಮುಟ್ಟಬೇಡಿ, ಡೀಲರ್‌ಗೆ ಒಯ್ಯಿರಿ.

ತುಂಡು ಸ್ವಲ್ಪ ಹೊರಗಿದ್ದರೆ ಲಾಕಿಂಗ್ ಪ್ಲೈಯರ್ ಸಾಕು. ಪೂರ್ತಿ ಒಳಗೇ ಉಳಿದಿದ್ದರೆ ನಡುವೆ ತೂತು ಕೊರೆದು, ಉಲ್ಟಾ ಮರೆಯ ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸಿ ತೆಗೀಬೇಕು. ಇಲ್ಲಿ ಎರಡು ತೊಂದರೆ. ಒಂದು, ಬೋಲ್ಟ್ ಗಟ್ಟಿ, ಸುತ್ತಲಿನ ಲೋಹ ಮೆದು. ಬಿಟ್ ಜಾರಿ ಪಕ್ಕದ ಮರೆಯನ್ನೇ ತಿಂದುಬಿಡುತ್ತೆ. ಎರಡು, ಆಳ ಹೆಚ್ಚಾದರೆ ಬ್ಯಾಟರಿಯೇ ತೂತು. ಹಾಗಾಗಿ ಇನ್ನೊಂದು ಟರ್ಮಿನಲ್‌ನ ಬೋಲ್ಟ್ ಅಳೆದು, ಅದಕ್ಕಿಂತ ಕಡಿಮೆ ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡ್ತೀನಿ. ಡ್ರಿಲ್ ಮೋಟರ್‌ನಿಂದಲೂ ಕಿಡಿ ಬರುತ್ತೆ. ಅದಕ್ಕೇ ಈ ಕೆಲಸ ಬಯಲಲ್ಲಿ, ಚಾರ್ಜ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆಯೇ. ಡ್ರಿಲ್ ಹಿಡಿದು ಅಭ್ಯಾಸ ಇಲ್ಲದವರು ಬ್ಯಾಟರಿ ಅಂಗಡಿಗೆ ಕೊಡೋದೇ ಲೇಸು.

ಮತ್ತೆ ಜೋಡಿಸುವಾಗ

ಕಂಬ, ಕ್ಲ್ಯಾಂಪ್ ಎರಡನ್ನೂ ವೈರ್ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ. ಈಗ ಮೊದಲು ಪ್ಲಸ್, ಕೊನೆಗೆ ಮೈನಸ್. ಕ್ಲ್ಯಾಂಪ್ ಕೈಯಿಂದ ಅಲುಗದಷ್ಟು ಬಿಗಿಯಾದರೆ ಸಾಕು. ಬಲ ಹಾಕಿದರೆ ಮತ್ತೆ ಮುರಿಯುತ್ತೆ. ಬಿಗಿ ಮಾಡಿದ ಮೇಲೆ ಮೇಲಿಂದ ವ್ಯಾಸಲೀನ್ ಸವರಿ.

ಪುಡಿ ಪದೇಪದೇ ಬರ್ತಿದ್ರೆ ಎಂಜಿನ್ ಓಡುವಾಗ ಮಲ್ಟಿಮೀಟರ್ ಹಿಡಿದು ನೋಡಿ. ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. 15 ದಾಟಿದರೆ ಓವರ್ ಚಾರ್ಜ್ ಆಗ್ತಿದೆ, ರೆಗ್ಯುಲೇಟರ್ ತೋರಿಸಿ. ಬ್ಯಾಟರಿ ಹಿಡಿದಿಡೋ ಪಟ್ಟಿ ಸಡಿಲ ಇದ್ದರೂ ಅದುರಿ ಅದುರಿ ಬೋಲ್ಟ್ ಸೋಲುತ್ತೆ.

ಟರ್ಮಿನಲ್ ಸಂದಿಗೆ ಮೊಳೆ ಸಿಕ್ಕಿಸಿ, ತಂತಿ ಸುತ್ತಿ ಓಡಿಸೋರೂ ಇದ್ದಾರೆ. ಓಡ್ತಿರುವಾಗ ಸಂಪರ್ಕ ತಪ್ಪಿದರೆ ಆಲ್ಟರ್ನೇಟರ್ ಡಯೋಡ್ ಸುಟ್ಟುಹೋಗುತ್ತೆ.

ಯಾವಾಗ ಕೈ ಬಿಡಬೇಕು?

ಕಂಬ ಅಲುಗಾಡ್ತಿದ್ರೆ, ಬುಡದಲ್ಲಿ ಆಸಿಡ್ ಜಿನುಗ್ತಿದ್ರೆ, ಡಬ್ಬ ಉಬ್ಬಿದ್ರೆ ಆ ಬ್ಯಾಟರಿ ಮುಗೀತು ಅಂತ ತಿಳೀರಿ. ಹಳೇದನ್ನ ಒಡೆದು ಸೀಸ ತೆಗೆಯೋರಿಗೆ ಕೊಡಬೇಡಿ, ಆ ಆಸಿಡ್ ಕೊನೆಗೆ ನಮ್ಮ ಮಣ್ಣಿಗೇ ಸೇರೋದು. ಡೀಲರ್ ಹತ್ರ ಎಕ್ಸ್‌ಚೇಂಜ್ ಕೇಳಿ, ಹೊಸದರ ಬೆಲೆಯಲ್ಲಿ ಕಳೀತಾರೆ.

ಆಸಿಡ್ ಕಣ್ಣಿಗೆ ಹಾರಿದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸೋಡಾ ನೀರು ಕಣ್ಣಿಗೆ ಹಾಕಲೇಬಾರದು.

ಇವತ್ತೇ ಟೂಲ್ ಬಾಕ್ಸ್‌ಗೆ ಎರಡು ಹೊಸ ಟರ್ಮಿನಲ್ ಬೋಲ್ಟ್, ಒಂದು ಹ್ಯಾಕ್ಸಾ ಬ್ಲೇಡ್, ಒಂದು ಪೊಟ್ಟಣ ಅಡುಗೆ ಸೋಡಾ, ಒಂದು ಕನ್ನಡಕ ಹಾಕಿಡಿ. ಬಿತ್ತನೆ ಹೊತ್ತಲ್ಲಿ ಮೆಕ್ಯಾನಿಕ್‌ಗೆ ಕಾಯೋದು ತಪ್ಪುತ್ತೆ.